ತಕ್ಕದ್ದು, ಬಹುದು

ಕಾನೂನಿನ ಕನ್ನಡದಲ್ಲಿ ಎರಡು ಪುಟ್ಟ ಮಾತುಗಳಿವೆ. ಒಂದು ‘ತಕ್ಕದ್ದು’, ಇನ್ನೊಂದು ‘ಬಹುದು’. ಅಧಿಕಾರಿಯು ನೋಟೀಸು ಕೊಡತಕ್ಕದ್ದು ಎಂದಿದ್ದರೆ ಅವನು ಕೊಡಲೇಬೇಕು; ಕೊಡಬಹುದು ಎಂದಿದ್ದರೆ ಕೊಟ್ಟರೂ ಸರಿ, ಬಿಟ್ಟರೂ ಸರಿ. ಕಂದಾಯದ ಕಾನೂನಿನಲ್ಲೋ ಪುರಸಭೆಯ ಕಾನೂನಿನಲ್ಲೋ ಇವೆರಡರ ಅಂತರ ಒಂದು ಅರ್ಜಿಯಷ್ಟು, ಹೆಚ್ಚೆಂದರೆ ಒಂದು ಜುಲ್ಮಾನೆಯಷ್ಟು. ಆದರೆ ಶಿಕ್ಷೆ ಮರಣವೇ ಆಗಿರುವ ಕಡೆ ಅದು ಒಬ್ಬ ಮನುಷ್ಯನ ಕೊರಳಿಗೂ ಹಗ್ಗಕ್ಕೂ ನಡುವೆ ಇರುವ ಅಂತರ. ನಮ್ಮ ದೇಶದ ಮೂರು ಕಾನೂನುಗಳಲ್ಲಿ ಮರಣದಂಡನೆಯ ಪಕ್ಕದಲ್ಲಿ ಈ ‘ತಕ್ಕದ್ದು’ ಬಂದು ಕುಳಿತಿದ್ದ, ಆಮೇಲೆ ಎದ್ದುಹೋದ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಒಂದು ಕೊಲೆಯ ಕಾನೂನು, ಒಂದು ಬಂದೂಕಿನದು, ಒಂದು ಮಾದಕ ವಸ್ತುವಿನದು. ಇಂಥ ಕಾನೂನುಗಳು ಇವು ಮೂರೇ ಎಂದಲ್ಲ. ನನ್ನ ಮಾತಿಗೆ ಇವು ಸಾಕು.

ಕನ್ನಡದಲ್ಲಿ ಆ ಶಬ್ದಕ್ಕೆ ಇನ್ನೊಂದು ಅರ್ಥವೂ ಉಂಟಲ್ಲವೆ? ತಕ್ಕದ್ದು ಎಂದರೆ ಒಪ್ಪುವಂಥದು, ಯೋಗ್ಯವಾದುದು. ವಯಸ್ಸಿಗೆ ತಕ್ಕ ನಡತೆ, ತಪ್ಪಿಗೆ ತಕ್ಕ ದಂಡ. ಶಾಸನಸಭೆಯಲ್ಲಿ ಕುಳಿತು ಬರೆದ ‘ತಕ್ಕದ್ದು’, ಎದುರಿಗೆ ನಿಂತ ಮನುಷ್ಯನಿಗೆ ತಕ್ಕದ್ದೇ ಆಗುತ್ತದೆ ಎಂಬ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ.

ನಾನು ವಕೀಲಿ ವೃತ್ತಿಗೆ ಸೇರಿದ ಹೊಸತರಲ್ಲಿ ಒಂದು ಜಿಲ್ಲಾ ಸೆಷನ್ಸ್ ನ್ಯಾಯಾಲಯದಲ್ಲಿ ಕಂಡ ನೋಟವೊಂದಿದೆ. ಬದುವಿನ ಜಗಳದಲ್ಲಿ ದಾಯಾದಿಯನ್ನು ಮಚ್ಚಿನಿಂದ ಕಡಿದ ರೈತನೊಬ್ಬನ ಮೊಕದ್ದಮೆ. ಬೆಳಿಗ್ಗೆ ನ್ಯಾಯಾಧೀಶರು ಅವನು ಅಪರಾಧಿಯೆಂದು ಸಾರಿದರು. ಬಳಿಕ ಕನ್ನಡಕ ತೆಗೆದಿಟ್ಟು, “ಶಿಕ್ಷೆಯ ವಿಚಾರವಾಗಿ ಏನಾದರೂ ಹೇಳುವುದಿದೆಯೇನಪ್ಪ?” ಎಂದು ಕೇಳಿದರು. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಪೋಲೀಸಿನವನು ಮೆಲ್ಲಗೆ ತಿವಿದಾಗ ಕೈಮುಗಿದು, “ಎಲ್ಡು ಎತ್ತವೆ ಸ್ವಾಮೀ, ನೀರು ತೋರ್ಸೋರಿಲ್ಲ” ಎಂದ. ನ್ಯಾಯಾಲಯದಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಆ ಪ್ರಶ್ನೆ ಅಲ್ಲಿಗೆ ಬಂದು ಸೇರಿದ್ದು ಸುಲಭದಲ್ಲಿ ಅಲ್ಲ. 1860ರಲ್ಲಿ ರಚಿತವಾಗಿ 1862ರ ಜನವರಿ 1ರಂದು ಜಾರಿಗೆ ಬಂದ ಭಾರತ ದಂಡ ಸಂಹಿತೆಯ 302ನೆಯ ಕಲಂ ಕೊಲೆಗೆ ಎರಡು ಶಿಕ್ಷೆಗಳನ್ನು ಹೇಳಿತ್ತು: ಮರಣ, ಇಲ್ಲವೆ ಆಜೀವ ಗಡೀಪಾರು. ಎರಡರಲ್ಲಿ ಯಾವುದು ಎಂಬುದು ನ್ಯಾಯಾಧೀಶನ ವಿವೇಚನೆಗೆ ಬಿಟ್ಟದ್ದು. ಆದರೆ 1898ರ ದಂಡ ಪ್ರಕ್ರಿಯಾ ಸಂಹಿತೆ ಆ ವಿವೇಚನೆಯ ತಕ್ಕಡಿಯನ್ನು ಒಂದು ಕಡೆಗೆ ವಾಲಿಸಿತ್ತು. ಮರಣದಂಡನೆ ವಿಧಿಸದೆ ಬಿಟ್ಟರೆ, ಏಕೆ ಬಿಟ್ಟೆ ಎಂದು ನ್ಯಾಯಾಧೀಶ ಕಾರಣ ಬರೆಯಬೇಕಾಗಿತ್ತು. ಗಲ್ಲು ಸಹಜ, ಬದುಕು ಅಪವಾದ. 1955ರ ತಿದ್ದುಪಡಿ ಈ ಕಾರಣ ಬರೆಯುವ ಕಟ್ಟಳೆಯನ್ನು ತೆಗೆದುಹಾಕಿ ತಕ್ಕಡಿಯನ್ನು ಸಮಮಾಡಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆ ಅದನ್ನು ಇನ್ನೊಂದು ಕಡೆಗೇ ತಿರುಗಿಸಿತು. ಈಗ ಗಲ್ಲು ವಿಧಿಸುವವನು ‘ವಿಶೇಷ ಕಾರಣ’ಗಳನ್ನು ಬರೆಯಬೇಕು, ಅದಕ್ಕೂ ಮೊದಲು ಶಿಕ್ಷೆಯ ವಿಚಾರದಲ್ಲಿ ಅಪರಾಧಿಯ ಮಾತನ್ನು ಕೇಳಬೇಕು. ಎಂಬತ್ತು ವರ್ಷ ತುಂಬುವ ಮೊದಲೇ ಕಾರಣ ಹೇಳುವ ಹೊಣೆ ಬದುಕಿನ ಹೆಗಲಿನಿಂದ ಸಾವಿನ ಹೆಗಲಿಗೆ ದಾಟಿತು. ನಮ್ಮ ಶಾಸನ ಚರಿತ್ರೆಯಲ್ಲಿ ಇಷ್ಟು ದೊಡ್ಡ ಮಾರ್ಪಾಟು ಇಷ್ಟು ಸದ್ದಿಲ್ಲದೆ ಆದದ್ದು ಅಪರೂಪವೆಂದು ನನ್ನ ಎಣಿಕೆ. 1980ರಲ್ಲಿ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಮರಣದಂಡನೆ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಎತ್ತಿಹಿಡಿದಾಗಲೂ, ಅದು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಮೀಸಲು ಎಂದು ಹೇಳಿತು. ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಬೇಕು ಎಂಬುದು ಆ ತೀರ್ಪಿನ ತಿರುಳು.

ಆದರೆ 302ರ ಪಕ್ಕದ ಮನೆಯಲ್ಲೇ 303 ಎಂಬ ಇನ್ನೊಂದು ಕಲಂ ವಾಸವಾಗಿತ್ತು. ಜೀವಾವಧಿ ಶಿಕ್ಷೆಗೆ ಒಳಗಾಗಿರುವವನು ಕೊಲೆ ಮಾಡಿದರೆ ಅವನು ಮರಣದಂಡನೆಗೆ ಗುರಿಯಾಗತಕ್ಕದ್ದು. ಅಷ್ಟೇ. ‘ಇಲ್ಲವೆ’ ಎಂಬ ಮಾತು ಅಲ್ಲಿ ಇರಲಿಲ್ಲ. ಇದನ್ನು ಏಕೆ ಬರೆದರು? 1971ರ ತನ್ನ 42ನೆಯ ವರದಿಯಲ್ಲಿ ಕಾನೂನು ಆಯೋಗ ಇದರ ಮುಖ್ಯ ಉದ್ದೇಶ ಸೆರೆಮನೆಯ ಸಿಬ್ಬಂದಿಯ ರಕ್ಷಣೆ ಇರಬೇಕೆಂದು ಊಹಿಸಿತು. ಊಹೆ ಸಾಧುವಾದದ್ದೇ. ಸಂಹಿತೆ ಹುಟ್ಟಿದ ಕಾಲದಲ್ಲಿ ಆಜೀವ ಶಿಕ್ಷೆಯೆಂದರೆ ಕರಿನೀರು. 1858ರಲ್ಲಿ ಪೋರ್ಟ್ ಬ್ಲೇರಿನಲ್ಲಿ ಕೈದಿಗಳ ವಸಾಹತು ಆರಂಭವಾಗಿತ್ತು. ಬಾಳಿನ ಕೊನೆಯವರೆಗೆ ಸಂಕೋಲೆಯೇ ಗತಿ ಎಂದಾದವನು ಕಾವಲುಗಾರನ ಮೇಲೆ ಕೈಮಾಡಿದರೆ, ಅವನಿಗೆ ಮತ್ತೊಂದು ಜೀವಾವಧಿ ಶಿಕ್ಷೆಯ ಹೆದರಿಕೆ ಏನು ಎಂಬುದು ಅಂದಿನ ತರ್ಕ.

ಕಾಲ ಸರಿಯಿತು. ಅದೇ 1955ರ ತಿದ್ದುಪಡಿಯಿಂದ ಕರಿನೀರಿನ ಶಿಕ್ಷೆ ಸಂಹಿತೆಯಿಂದ ಅಳಿದು ಅದರ ಸ್ಥಾನದಲ್ಲಿ ಜೀವಾವಧಿ ಕಾರಾವಾಸ ಬಂತು. ಕೈದಿಗೆ ಪೆರೋಲ್ ಬಂತು, ಜಾಮೀನು ಬಂತು. ಕಲಂ ಮಾತ್ರ ಇದ್ದಲ್ಲಿಯೇ ಇತ್ತು. ಅದರ ಅಕ್ಷರಕ್ಕೆ ಸೆರೆಮನೆಯ ಗೋಡೆಯ ಅರಿವಿರಲಿಲ್ಲ. ಮೇಲ್ಮನವಿ ಇತ್ಯರ್ಥವಾಗುವ ತನಕ ಜಾಮೀನಿನ ಮೇಲೆ ಊರಿಗೆ ಬಂದವನೊಬ್ಬನಿದ್ದಾನೆಂದುಕೊಳ್ಳಿ. ಜಾತ್ರೆಯ ಬೀದಿಯಲ್ಲಿ ಯಾರೋ ಕೆಣಕಿದರು, ಮಾತಿಗೆ ಮಾತು ಬೆಳೆಯಿತು, ಹೊಡೆದ, ಎದುರಿನವನು ಸತ್ತ. ಅದು ಕೊಲೆಯೆಂದೇ ಸಾಬೀತಾಯಿತು. ಇವನಿಗೂ ಗಲ್ಲೇ. ಅವನ ಮೊದಲನೆಯ ಶಿಕ್ಷೆ ಕೊಲೆಗೆ ಆದದ್ದೇ ಆಗಿರಬೇಕೆಂದೂ ಇಲ್ಲ. ಜೀವಾವಧಿಯವರೆಗೆ ಶಿಕ್ಷೆ ಕೊಡಬಹುದಾದ ಅಪರಾಧಗಳು ಸಂಹಿತೆಯಲ್ಲಿ ಹಲವು. ಎರಡನೆಯ ಕೊಲೆಗೂ ಮೊದಲನೆಯ ಅಪರಾಧಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ ಕಾನೂನು ಅವನ್ನು ಒಂದೇ ಹಗ್ಗದಲ್ಲಿ ಹೊಸೆಯುತ್ತಿತ್ತು.

1983ರ ಏಪ್ರಿಲ್ 7ರಂದು ಮಿಟ್ಠು ವಿರುದ್ಧ ಪಂಜಾಬ್ ರಾಜ್ಯ ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರ ಪೀಠ ಈ ಕಲಮನ್ನು ರದ್ದುಮಾಡಿತು. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಮುಖ್ಯ ತೀರ್ಪನ್ನು ಬರೆದರು, ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ತಮ್ಮ ಸಮ್ಮತಿಯನ್ನು ಬೇರೆಯಾಗಿ ಬರೆದರು. ವಾದ ಸರಳವಾದದ್ದು. ಸಾವಿನ ಶಿಕ್ಷೆ ತಿದ್ದಲು ಬಾರದ ಶಿಕ್ಷೆ. ಅಂಥದನ್ನು ವಿಧಿಸುವಾಗ ನ್ಯಾಯಾಧೀಶನ ಮನಸ್ಸು ಕೆಲಸ ಮಾಡಲೇಕೂಡದು ಎನ್ನುವ ಕಾನೂನು ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳ ಮುಂದೆ ನಿಲ್ಲಲಾರದು. ಶಿಕ್ಷೆ ಮೊದಲೇ ಗೊತ್ತಾಗಿರುವಾಗ “ಏನಾದರೂ ಹೇಳುವುದಿದೆಯೆ” ಎಂದು ಕೇಳುವುದರಲ್ಲಿ ಏನು ಹುರುಳು? ನನಗೆ ಆಗ ನೆನಪಾದದ್ದು ಆ ಎತ್ತಿನವನು. ಅವನು 303ರ ಕೆಳಗೆ ನಿಂತಿದ್ದರೆ ಅವನ ಮಾತು ಗೋಡೆಗೆ ಹೇಳಿದ ಮಾತು.

ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಕಲಂ 104 ಎಂಬ ಹೊಸ ಅಂಕಿ ಧರಿಸಿ ಮರಳಿದೆ. ಆದರೆ ಈಗ ಅಲ್ಲಿ ‘ಇಲ್ಲವೆ’ ಉಂಟು: ಮರಣ, ಇಲ್ಲವೆ ಸಹಜ ಬಾಳಿನ ಕೊನೆಯುಸಿರಿನ ತನಕ ಕಾರಾವಾಸ.

ನ್ಯಾಯಾಧೀಶನ ಕೈ ಕಟ್ಟಿದರೆ ಕಾನೂನು ಕಟ್ಟುನಿಟ್ಟಾಗುತ್ತದೆಯೆಂದು ಭಾವಿಸುವವರು ಇಂಗ್ಲೆಂಡಿನ ಹಳೆಯ ಚರಿತ್ರೆಯನ್ನೊಮ್ಮೆ ನೋಡಬೇಕು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ವಾಸದ ಮನೆಯಿಂದ ನಲವತ್ತು ಷಿಲ್ಲಿಂಗಿನ ಬೆಲೆಯ ಸಾಮಾನು ಕದ್ದರೆ ಗಲ್ಲು. ಜ್ಯೂರಿಗಳು, ಅಂದರೆ ಪಂಚರು, ಏನು ಮಾಡಿದರು? ಎದುರಿಗೆ ನಿಂತ ಹೆಂಗಸನ್ನೋ ಹುಡುಗನನ್ನೋ ನೋಡಿ, ಕದ್ದ ಸಾಮಾನಿನ ಬೆಲೆ ಮೂವತ್ತೊಂಬತ್ತು ಷಿಲ್ಲಿಂಗು ಎಂದು ತೀರ್ಮಾನ ಕೊಟ್ಟರು. ಪ್ರಮಾಣ ಮಾಡಿ ಕುಳಿತವರು ಕರುಣೆಯಿಂದ ಸುಳ್ಳು ಹೇಳಿದರು. ಕಾನೂನು ಪಂಡಿತನಾದ ಬ್ಲ್ಯಾಕ್‌ಸ್ಟನ್ ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾನೆ. ಧರ್ಮದ ಸುಳ್ಳುಸಾಕ್ಷಿ ಎಂದು ನಾವು ಹೇಳಬಹುದು. ಹೀಗೆ, ಬಾಗಿಲು ಮುಚ್ಚಿದರೆ ದಯೆ ಕಿಟಕಿಯಿಂದ ಬಂತು. ಆದರೆ ಕಿಟಕಿಯಿಂದ ಬರುವ ದಯೆಗೆ ಲೆಕ್ಕವಿಲ್ಲ. ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಏಕೆ ಎಂದು ಯಾರೂ ಬರೆದಿಡುವುದಿಲ್ಲ.

ಎರಡನೆಯದು ಬಂದೂಕಿನ ಕಾನೂನು. ಬಂದೂಕು ಎಂದೊಡನೆ ಕನ್ನಡದವರಿಗೆ ಕೊಡಗು ನೆನಪಾಗುವುದು ಸಹಜ. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ನಾನು ಹೇಳಹೊರಟದ್ದು ಆ ಕೋವಿಯ ಮಾತಲ್ಲ. 1959ರ ಆಯುಧ ಕಾಯಿದೆಯಲ್ಲಿ ‘ನಿಷೇಧಿತ ಆಯುಧ’ ಎಂಬ ಬೇರೆಯೇ ವರ್ಗವಿದೆ: ಕುದುರೆ ಒತ್ತಿಹಿಡಿದಿರುವಷ್ಟು ಹೊತ್ತೂ ಗುಂಡು ಹಾರಿಸುತ್ತಲೇ ಇರುವ ಬಂದೂಕು, ವಿಷಾನಿಲ ಉಗುಳುವ ಆಯುಧ, ಫಿರಂಗಿ ಇತ್ಯಾದಿ. ಪಂಜಾಬು ಉಗ್ರವಾದದಲ್ಲಿ ಬೇಯುತ್ತಿದ್ದ 1988ರಲ್ಲಿ ಈ ಕಾಯಿದೆಗೆ 27ನೆಯ ಕಲಮಿನ ಮೂರನೆಯ ಉಪಕಲಂ ಸೇರಿತು. ನಿಷೇಧಿತ ಆಯುಧವನ್ನೋ ಮದ್ದುಗುಂಡನ್ನೋ ಬಳಸಿ, ಅಥವಾ ಅಂಥವನ್ನು ಇಟ್ಟುಕೊಳ್ಳುವ, ತಯಾರಿಸುವ, ಮಾರುವ ವಿಷಯದ ನಿಷೇಧವನ್ನು ಮೀರಿ, ಅದರ ಫಲವಾಗಿ ಇನ್ನೊಬ್ಬನ ಸಾವು ಸಂಭವಿಸಿದರೆ ಮರಣದಂಡನೆ.

‘ಫಲವಾಗಿ’ ಎಂಬ ಶಬ್ದವನ್ನು ಗಮನಿಸಬೇಕು. ಕೊಲ್ಲುವ ಉದ್ದೇಶ ಬೇಕೆಂದು ಅಲ್ಲಿ ಹೇಳಿಲ್ಲ. ಕೊಲೆಯ ಕಲಮಿನಲ್ಲಿ ಉದ್ದೇಶವಿದ್ದವನಿಗೆ ಸಹ ಎರಡು ದಾರಿ. ಇಲ್ಲಿ ಉದ್ದೇಶವಿಲ್ಲದವನಿಗೂ ಒಂದೇ ದಾರಿ. ಭಯದ ದಿನಗಳಲ್ಲಿ ಬರೆದ ಕಾನೂನಿಗೆ ಭಯದ ಕೈಬರಹವೇ ಇರುತ್ತದೆ. ಅದು ಬಿದ್ದುಹೋದದ್ದು ಉಗ್ರಗಾಮಿಯ ಮೊಕದ್ದಮೆಯಲ್ಲಿ ಅಲ್ಲ. ಕೇಂದ್ರ ಮೀಸಲು ಪೋಲೀಸ್ ಪಡೆಯ ಜವಾನನೊಬ್ಬ ತನ್ನದೇ ಪಡೆಯವರನ್ನು ಗುಂಡಿಟ್ಟು ಕೊಂದನೆಂಬ ಆಪಾದನೆಯ ಪ್ರಕರಣ ಅದು. ಸಾಕ್ಷ್ಯ ಸಾಲದೆಂದು ಉಚ್ಚ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತ್ತು. ಪಂಜಾಬ್ ಸರ್ಕಾರ ಮೇಲ್ಮನವಿ ತಂದಾಗ, 2012ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎ. ಕೆ. ಗಂಗೂಲಿ ಮತ್ತು ನ್ಯಾಯಮೂರ್ತಿ ಜೆ. ಎಸ್. ಖೇಹರ್ ಅವರ ಪೀಠ ಬಿಡುಗಡೆಯನ್ನು ಕದಲಿಸಲಿಲ್ಲ. ಆದರೆ ಆ ಉಪಕಲಮನ್ನು ಮಿಟ್ಠು ಪ್ರಕರಣದ ಒರೆಗಲ್ಲಿಗೆ ತಿಕ್ಕಿ ನೋಡಿ ರದ್ದುಮಾಡಿತು.

ಮೂರನೆಯದರಲ್ಲಿ ಸಾವೇ ಇಲ್ಲ. ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯಿದೆ 1985ರದು. ಅದುವರೆಗೆ ನಮ್ಮಲ್ಲಿ ಇದ್ದದ್ದು ಅಫೀಮಿಗೆ ಸಂಬಂಧಿಸಿದ ಹಳೆಯ ಶಾಸನಗಳು, 1930ರ ಒಂದು ಕಾಯಿದೆ, ಅಷ್ಟೇ. 1961ರ ಅಂತರರಾಷ್ಟ್ರೀಯ ಒಪ್ಪಂದ ಗಾಂಜಾ, ಚರಸ್ಸುಗಳನ್ನು ನಿಲ್ಲಿಸಲು ಕೊಟ್ಟಿದ್ದ ಇಪ್ಪತ್ತೈದು ವರ್ಷಗಳ ಗಡುವು ಮುಗಿಯುತ್ತ ಬಂದಾಗ ಈ ಕಾಯಿದೆ ಬಂತು. (ಭಂಗಿಯ ಎಲೆ ಮಾತ್ರ ಈ ಕಾಯಿದೆಯ ‘ಗಾಂಜಾ’ ಎಂಬ ವ್ಯಾಖ್ಯೆಯಿಂದ ಹೊರಗುಳಿಯಿತು, ಹೂವಿನ ತುದಿಗೆ ಸೆರೆವಾಸ, ಅದೇ ಗಿಡದ ಎಲೆಗೆ ರಿಯಾಯಿತಿ.) 1989ರಲ್ಲಿ ಇದಕ್ಕೆ 31-ಎ ಎಂಬ ಕಲಂ ಸೇರಿತು. ಒಮ್ಮೆ ಶಿಕ್ಷೆಯಾದವನು ಎರಡನೆಯ ಬಾರಿ ನಿಗದಿಯಾದ ತೂಕಕ್ಕೆ ಕಡಿಮೆಯಿಲ್ಲದ ಸರಕಿನೊಡನೆ ಸಿಕ್ಕಿಬಿದ್ದರೆ ಗಲ್ಲೇ. ಅಂದು ಬರೆದ ತೂಕ: ಅಫೀಮು ಹತ್ತು ಕಿಲೋ, ಹೆರಾಯಿನ್ ಒಂದು ಕಿಲೋ, ಚರಸ್ ಇಪ್ಪತ್ತು ಕಿಲೋ.

ಹೆರಾಯಿನ್ ಒಂದು ಮನೆಯನ್ನು ಹೇಗೆ ತಿಂದುಹಾಕುತ್ತದೆ ಎಂಬುದನ್ನು ಕಂಡವರು ಈ ಕಠಿಣತೆಯನ್ನು ಸುಲಭವಾಗಿ ಹಳಿಯಲಾರರು, ನಾನೂ ಹಳಿಯುವುದಿಲ್ಲ. ಆದರೆ ಇಲ್ಲಿ ನ್ಯಾಯಪೀಠದ ಮೇಲೆ ಕುಳಿತದ್ದು ತಕ್ಕಡಿ. ಒಂದು ಕಿಲೋಗೆ ಒಂದು ಗ್ರಾಂ ಕಡಿಮೆಯಾದರೆ ಜೀವ ಉಳಿಯಿತು, ಸರಿಯಾಗಿ ತೂಗಿದರೆ ಹೋಯಿತು. ಹೊತ್ತು ತಂದವನು ಆ ವ್ಯಾಪಾರದ ಒಡೆಯನೋ, ಗಂಟು ದಾಟಿಸಿ ಕೂಲಿ ಪಡೆಯುವವನೋ ಎಂದು ಕೇಳುವ ಅವಕಾಶವೇ ಇರಲಿಲ್ಲ. ಮುಂಬಯಿಯ ವಿಶೇಷ ನ್ಯಾಯಾಲಯವೊಂದು 2008ರಲ್ಲಿ ಚರಸ್ ಪ್ರಕರಣವೊಂದರಲ್ಲಿ ಹೀಗೆ ಮರಣದಂಡನೆ ವಿಧಿಸಿತು. 2011ರ ಜೂನ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಕಲಮನ್ನು ಪೂರ್ತಿ ರದ್ದುಮಾಡದೆ, ಅಲ್ಲಿಯ ‘ತಕ್ಕದ್ದು’ ಎಂಬುದನ್ನು ‘ಬಹುದು’ ಎಂದು ಓದಿಕೊಳ್ಳಬೇಕೆಂದು ಹೇಳಿತು. ವ್ಯಾಕರಣದ ಒಂದು ತಿದ್ದುಪಡಿಯಿಂದ ಜೀವ ಉಳಿಯುವುದೆಂದರೆ ಇದೇ. 2014ರಲ್ಲಿ ಸಂಸತ್ತೇ ಕಾಯಿದೆಯನ್ನು ತಿದ್ದಿ ಮರಣದಂಡನೆಗೆ ಬದಲಿ ಶಿಕ್ಷೆಯನ್ನು ಬರೆಯಿತು.

ಇಷ್ಟಕ್ಕೇ ಮಾತು ನಿಲ್ಲಿಸಿದರೆ ‘ಬಹುದು’ ಗೆದ್ದಿತು, ನ್ಯಾಯ ಉಳಿಯಿತು ಎಂದಾಗುತ್ತದೆ. ಅಷ್ಟು ಸುಲಭವಲ್ಲ. ಶಾಸನ ಬರೆಯುವವರು ‘ತಕ್ಕದ್ದು’ ಎಂದು ಬರೆಯುವುದು ಕ್ರೌರ್ಯದಿಂದ ಮಾತ್ರವಲ್ಲ. ನ್ಯಾಯಾಧೀಶರ ‘ಬಹುದು’ವಿನ ಮೇಲೆ ಅವರಿಗಿರುವ ಶಂಕೆಯಿಂದಲೂ ಹೌದು. ಆ ಶಂಕೆಗೆ ಆಧಾರ ಬೇಕೆ? ಮಿಟ್ಠು ತೀರ್ಪಿಗೆ ಒಂದು ವರ್ಷ ಮೊದಲು, 1982ರಲ್ಲಿ, ಅದೇ ಚಂದ್ರಚೂಡರು ಹರ್ಬನ್ಸ್ ಸಿಂಗ್ ಪ್ರಕರಣದಲ್ಲಿ ಬರೆದ ತೀರ್ಪನ್ನು ಓದಬೇಕು.

ಉತ್ತರ ಪ್ರದೇಶದ ಪಿಲಿಭಿತ್‌ನಲ್ಲಿ ಒಂದು ಕುಟುಂಬದ ನಾಲ್ವರನ್ನು ಕೊಂದ ಅಪರಾಧಕ್ಕಾಗಿ 1975ರಲ್ಲಿ ಮೂವರಿಗೆ ಮರಣದಂಡನೆಯಾಯಿತು. ಮೂವರ ಪಾತ್ರವೂ ಒಂದೇ. ಉಚ್ಚ ನ್ಯಾಯಾಲಯ ಮೂವರ ಶಿಕ್ಷೆಯನ್ನೂ ಖಾಯಂ ಮಾಡಿತು. ಮೂವರೂ ಬೇರೆ ಬೇರೆಯಾಗಿ ದೆಹಲಿಯ ಬಾಗಿಲು ತಟ್ಟಿದರು. ಮೊದಲನೆಯವನ ಅರ್ಜಿ 1976ರಲ್ಲಿ ವಜಾ ಆಯಿತು. ಎರಡನೆಯವನದು ಬೇರೊಂದು ಪೀಠದ ಮುಂದೆ ಬಂತು. 1977ರಲ್ಲಿ ಆ ಪೀಠ ಅವನ ಗಲ್ಲನ್ನು ಜೀವಾವಧಿಗೆ ಇಳಿಸಿತು. ಮೂರನೆಯವನದು ಮತ್ತೊಂದು ಪೀಠದ ಮುಂದೆ 1978ರಲ್ಲಿ ವಜಾ ಆಯಿತು. ಎರಡನೆಯವನಿಗೆ ಸಿಕ್ಕ ಜೀವದಾನದ ಸುದ್ದಿ ಮೂರನೆಯ ಪೀಠದವರೆಗೆ ತಲುಪಲೇ ಇಲ್ಲ. 1981ರ ಅಕ್ಟೋಬರ್ 6ರಂದು ಮೊದಲನೆಯವನನ್ನೂ ಮೂರನೆಯವನನ್ನೂ ಗಲ್ಲಿಗೇರಿಸುವುದೆಂದು ಗೊತ್ತಾಯಿತು. ಮೂರನೆಯವನು, ಎಂದರೆ ಹರ್ಬನ್ಸ್ ಸಿಂಗ್, ಕೊನೆಯ ಗಳಿಗೆಯಲ್ಲಿ ಮತ್ತೊಂದು ಅರ್ಜಿ ಹಾಕಿ ತಡೆಯಾಜ್ಞೆ ಪಡೆದ. ಮೊದಲನೆಯವನು ಅರ್ಜಿ ಹಾಕಲಿಲ್ಲ. ಅಂದು ಅವನಿಗೆ ಗಲ್ಲಾಯಿತು.

ಒಂದೇ ಅಪರಾಧ, ಒಂದೇ ಪಾತ್ರ, ಮೂರು ಹಣೆಬರಹ. ಒಬ್ಬನು ಸತ್ತ, ಒಬ್ಬನು ಉಳಿದ, ಒಬ್ಬನು ಹೊಸ್ತಿಲ ಮೇಲೆ ನಿಂತ. ಮೊದಲನೆಯವನ ಅರ್ಜಿಯನ್ನು ವಜಾ ಮಾಡಿದ ಪೀಠದಲ್ಲಿ ಚಂದ್ರಚೂಡರೂ ಇದ್ದರು. ತೀರ್ಪಿನಲ್ಲಿ ಅವರು ಅದನ್ನು ಮುಚ್ಚಿಡಲಿಲ್ಲ. ಹರ್ಬನ್ಸ್ ಸಿಂಗನ ಶಿಕ್ಷೆಯನ್ನು ಇಳಿಸುವಂತೆ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿದರು. ಬಚ್ಚನ್ ಸಿಂಗ್ ಪ್ರಕರಣದಲ್ಲಿ ಒಬ್ಬರೇ ಭಿನ್ನಮತ ತಳೆದಿದ್ದ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತಮ್ಮ ಕಾರಣಗಳನ್ನು ಅದೇ 1982ರ ಆಗಸ್ಟ್‌ನಲ್ಲಿ ಹೊರಗಿಟ್ಟಾಗ, ಯಾವ ನ್ಯಾಯಾಧೀಶನ ಮುಂದೆ ನಿಂತೆವು ಎಂಬುದರ ಮೇಲೆ ಜೀವ ನಿಲ್ಲುವುದಾದರೆ ಅದು ಸ್ವೇಚ್ಛೆಯಲ್ಲವೆ ಎಂಬುದೇ ಅವರ ವಾದದ ಮರ್ಮವಾಗಿತ್ತು. ಇಷ್ಟು ವರ್ಷಗಳಾದರೂ ಆ ಪ್ರಶ್ನೆಗೆ ತೃಪ್ತಿಕರವಾದ ಉತ್ತರವನ್ನು ನಾನು ಎಲ್ಲಿಯೂ ಓದಿಲ್ಲ.

ನಮ್ಮ ರಾಜ್ಯದ ಪ್ರಕರಣವೊಂದೂ ಇದಕ್ಕೆ ಸಾಕ್ಷಿ. ಬೆಂಗಳೂರಿನಲ್ಲಿ 1991ರಲ್ಲಿ ನಡೆದ ಒಂದು ಕೊಲೆಗೆ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು, ಉಚ್ಚ ನ್ಯಾಯಾಲಯ ಖಾಯಂ ಮಾಡಿತು. ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಎಂದು ಹೆಸರಾದ ಈ ಪ್ರಕರಣ 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರ ಮುಂದೆ ಬಂದಾಗ ಅಪರಾಧದ ವಿಷಯದಲ್ಲಿ ಇಬ್ಬರಿಗೂ ಒಮ್ಮತ. ಶಿಕ್ಷೆಯ ವಿಷಯದಲ್ಲಿ ಒಬ್ಬರು ಗಲ್ಲೆಂದರು, ಇನ್ನೊಬ್ಬರು ಜೀವಾವಧಿ ಎಂದರು. 2008ರಲ್ಲಿ ಮೂವರ ಪೀಠ ನಡುದಾರಿಯೊಂದನ್ನು ತೆರೆಯಿತು: ಗಲ್ಲಿಲ್ಲ, ಆದರೆ ಬಾಳಿನ ಕೊನೆಯವರೆಗೆ ಬಿಡುಗಡೆಯೂ ಇಲ್ಲ. ಅಕ್ಕಪಕ್ಕ ಕುಳಿತು ಒಂದೇ ದಾಖಲೆ ಓದಿದ ಇಬ್ಬರು ವಿವೇಕಿಗಳು ಇಷ್ಟು ದೂರ ಸರಿಯಬಲ್ಲರು.

ಇದಕ್ಕಿಂತ ಕಹಿಯಾದದ್ದು ರಾಜಸ್ಥಾನದ ಪ್ರಕರಣ. ಶಿಕ್ಷೆಗೆ ಅಪರಾಧವೇ ಅಳತೆ, ಅಪರಾಧಿಯಲ್ಲ ಎಂಬ ಅರ್ಥ ಬರುವಂತೆ ಸರ್ವೋಚ್ಚ ನ್ಯಾಯಾಲಯದ ಪೀಠವೊಂದು ಕೊಟ್ಟ ತೀರ್ಪಿನ ಮೇಲೆ 1996ರ ಮೇ ತಿಂಗಳಲ್ಲಿ ಒಬ್ಬನಿಗೆ ಗಲ್ಲಾಯಿತು. ಆ ತೀರ್ಪು ಬಚ್ಚನ್ ಸಿಂಗ್ ತೀರ್ಪನ್ನು ಗಮನಿಸದೆ ಕೊಟ್ಟದ್ದು, ಆದ್ದರಿಂದ ಅನುಸರಿಸತಕ್ಕದ್ದಲ್ಲ ಎಂದು ಅದೇ ನ್ಯಾಯಾಲಯ 2009ರಲ್ಲಿ ಹೇಳಿತು. ಹದಿಮೂರು ವರ್ಷ ಕಳೆದಿತ್ತು. ಗಲ್ಲಾದವನಿಗೆ ಆ ತೀರ್ಪಿನ ನಕಲನ್ನು ಯಾವ ವಿಳಾಸಕ್ಕೆ ಕಳಿಸುವುದು?

ಹಾಗಾದರೆ ಮತ್ತೆ ‘ತಕ್ಕದ್ದು’ವೇ ಲೇಸೆ? ಎಲ್ಲರಿಗೂ ಒಂದೇ ಹಗ್ಗ ಎಂಬುದು ಸಮತೆಯಂತೆ ಕಾಣುತ್ತದೆ. ಎಲ್ಲ ಕಾಲಿಗೂ ಒಂದೇ ಅಳತೆಯ ಎಕ್ಕಡ ಹೊಲಿಸುವುದೂ ಸಮತೆಯೇ. ‘ಬಹುದು’ವಿನಲ್ಲಿ ತಪ್ಪಾದರೆ ಅದು ತಪ್ಪೆಂದು ತೋರಿಸಲು ಬರುತ್ತದೆ. ಕಾರಣ ಬರೆದಿರುವುದರಿಂದಲೇ ರಾಜಸ್ಥಾನದ ಆ ತೀರ್ಪಿನ ಹುಳುಕು ಹೊರಬಿತ್ತು. ‘ತಕ್ಕದ್ದು’ವಿನಲ್ಲಿ ಬರೆಯಲು ಏನೂ ಇಲ್ಲ. ಹೀಗೆಂದು ನನ್ನನ್ನು ನಾನು ಒಪ್ಪಿಸಿಕೊಂಡಿದ್ದೇನೆ. ಆದರೂ, ಆ ಅಕ್ಟೋಬರ್ 6ನ್ನು ನೆನೆದಾಗ ಈ ಒಪ್ಪಿಗೆ ಅಲುಗುತ್ತದೆಯೆಂಬುದನ್ನು ಮುಚ್ಚಿಡಲಾರೆ.

ಉಳಿದ ದಾರಿಯೆಂದರೆ, ‘ಬಹುದು’ ಎನ್ನುವವನ ಮುಂದೆ ಅಪರಾಧಿಯ ಬಾಳನ್ನು ಇನ್ನಷ್ಟು ನಿಚ್ಚಳವಾಗಿ ಇಡುವುದು. 2022ರ ಮೇ ತಿಂಗಳಲ್ಲಿ ಮನೋಜ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು: ಅಪರಾಧಿಯ ವಯಸ್ಸು, ಬಾಲ್ಯ, ಮನೆತನ, ಓದು, ಬಡತನ, ಮನಸ್ಸಿನ ಆರೋಗ್ಯ, ಸೆರೆಮನೆಯಲ್ಲಿನ ನಡತೆ, ಇವೆಲ್ಲವನ್ನೂ ಕಲೆಹಾಕಿ ವಿಚಾರಣೆಯ ಹಂತದಲ್ಲಿಯೇ ಒಪ್ಪಿಸಬೇಕು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಅಪರಾಧಿಯೆಂದು ಸಾರಿದ ದಿನವೇ ಶಿಕ್ಷೆಯ ಮಾತನ್ನೂ ಕೇಳಿ ಮುಗಿಸಿದರೆ ಅದು ಕೇಳಿದಂತಾಯಿತೆ ಎಂಬ ಪ್ರಶ್ನೆಯನ್ನು ಐವರ ಪೀಠಕ್ಕೆ ಒಪ್ಪಿಸಿತು.

ಆ ಎತ್ತಿನವನ ಮೊಕದ್ದಮೆಯಲ್ಲಿ ಬೆಳಿಗ್ಗೆ ಅಪರಾಧ, ಊಟದ ಬಿಡುವಿಗೆ ಮೊದಲೇ ಶಿಕ್ಷೆ. ನಡುವೆ ಕಳೆದದ್ದು ಹತ್ತು ನಿಮಿಷವೂ ಇರಲಿಲ್ಲ. ಕೆಲವು ದಿನಗಳ ಮೇಲೆ ತೀರ್ಪಿನ ನಕಲು ನನ್ನ ಹಿರಿಯ ವಕೀಲರ ಮೇಜಿಗೆ ಬಂದಾಗ ಕುತೂಹಲದಿಂದ ಆ ಪುಟವನ್ನು ಹುಡುಕಿದೆ. ಅವನು ಬಡವನೆಂದೂ ತನ್ನನ್ನು ನಂಬಿದವರಿದ್ದಾರೆಂದೂ ನಿವೇದಿಸಿಕೊಂಡನು ಎಂದು ಅಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಎತ್ತುಗಳ ಮಾತು ಇರಲಿಲ್ಲ.